ಕರಡಿಗೆ ಯಾವ ತೋಟಾ

...ಅದನ್ನೇ ನಾನೂ ಹೇಳ್ತಿರೋದು, ಮೇಷ್ಟ್ರೇ. ಆವತ್ತು ಎಲ್ಲಾ ದಿನದ ಹಂಗೇ ಇತ್ತು. ಮಂಗಳವಾರ. ಬೆಳಿಗ್ಗೆ ಒಂದು ಜೋರು ಮಳೆ ಹೊಯ್ದು ನಿಂತಿತ್ತು. ಡೇರಿಗೆ ಹಾಲು ಹಾಕಿದ್ರು. ಬಾಶೆಟ್ಟಿಹಳ್ಳಿ ಫ್ಯಾಕ್ಟ್ರಿ ಬಸ್ಸು ಜನ ತುಂಬ್ಕೊಂಡು ಹೋಯ್ತು. ನೀವು ಚೀಲ ತಗಲಾಕ್ಕೊಂಡು ಸ್ಕೂಲಿಗೆ ಹೋದ್ರಿ. ನಿಮ್ಮಪ್ಪ ಬೀರಣ್ಣ ಕಂಬಳಿ ಹೆಗಲಿಗೆ ಹಾಕ್ಕೊಂಡು ಕುರಿ ಹೊಡ್ಕೊಂಡು ಬೋರೆ ಗುಡ್ಡದ ಕಡೆ ಹೋದ್ರು. ಸಾಯಂಕಾಲ ಕುರಿ ಮಾತ್ರ ತಾವೇ ವಾಪಸ್ ಬಂದ್ವು. ಇಪ್ಪತ್ಮೂರು. ಒಂದೂ ಕಮ್ಮಿ ಇರ್ಲಿಲ್ಲ, ಅಲ್ವಾ?

ಅದಕ್ಕೇ ಬಂದೆ. ಹದಿಮೂರನೇ ದಿನದ ಕಾರ್ಯ ಕಳೀಲಿ ಅಂತ ಸುಮ್ನಿದ್ದೆ. ನೀವು ಪೇಪರ್ ತಗೊಳ್ಳಿ. ಹೇಳ್ತೀನಿ, ನೀವು ಬರೀರಿ. ನಿಮ್ಮ ಕೈಬರಹ ನೋಡಿದ್ರೆ ಜಿಲ್ಲಾಧಿಕಾರಿಗಳು ಕನ್ನಡಕ ತೆಗೆದು ಓದ್ತಾರೆ.

ಮೇಷ್ಟ್ರೇ, ನಿಮ್ಮ ಹೆಂಡ್ತಿ ಆಗ್ಲೇ ಒಲೆ ಹಚ್ಚಿಬಿಟ್ಳು. ಅನಿತಮ್ಮ, ಕಾಫಿ ಬ್ಯಾಡ ಕಣವ್ವ, ಸಕ್ಕರೆ ಕಾಯಿಲೆ. ...ಮಾಡ್ಬಿಟ್ಟಿದ್ದೀಯಾ? ಹಂಗಾದ್ರೆ ಅರ್ಧ ಲೋಟ ಕೊಡು. ಸಕ್ಕರೆ ಹಾಕಿದ್ರೂ ಪರವಾಗಿಲ್ಲ.

ಮೇಷ್ಟ್ರೇ, ಕುರ್ಚಿ ಇದ್ರೂ ಈ ಕಂಬಳಿ ಯಾಕೆ ಹಾಸಿದ್ರಿ? ಚುಚ್ತದೆ. ಅಲ್ಲ, ಬ್ಯಾಡ ಅಂದಿಲ್ಲ. ನಿಮ್ಮ ಮನೆ ಪದ್ಧತಿ. ದೊಡ್ಡೋರು ಬಂದ್ರೆ ಕಂಬಳಿ ಹಾಸ್ಬೇಕು. ಕಂಬಳಿ ಮೇಲೆ ಕೂತೋನು ಸುಳ್ಳು ಹೇಳ್ಬಾರ್ದು ಅಂತಾರೆ ನಿಮ್ಮೋರು, ಬೀರಣ್ಣಾನೂ ಅದೇ ಹೇಳೋರು. ನನಗೇನಪ್ಪ, ನಾನು ಎಲ್ಲಿ ಕೂತ್ರೂ ಒಂದೇ ಮಾತು.

ಹೂಂ, ಬರೀರಿ. ಮಾನ್ಯ ಜಿಲ್ಲಾಧಿಕಾರಿಗಳಿಗೆ. ವಿಷಯ: ಮುನಿಶಾಮಪ್ಪನವರ ಬಂದೂಕು ಲೈಸೆನ್ಸ್ ನವೀಕರಿಸುವ ಬಗ್ಗೆ, ಬ್ರಾಕೆಟ್ಟಲ್ಲಿ ಹೊಸ ಜೋಡಿನಳಿಗೆ ಬಂದೂಕು ಕೊಳ್ಳಲು ಅನುಮತಿ ಕೊಡುವ ಬಗ್ಗೆ. ಕಾರಣ: ಕರಡಿ.

ಯಾಕೆ ಪೆನ್ನು ನಿಲ್ಲಿಸಿದ್ರಿ?

ನೋಡಿ, ಮುಚ್ಚುಮರೆ ಯಾಕೆ. ನಮ್ಮಪ್ಪನ ಕಾಲದ ಲೈಸೆನ್ಸು ಅದು. ಬೆಳೆ ರಕ್ಷಣೆಗೆ ಅಂತ ಕೊಟ್ಟಿದ್ದು. ಆಗ ನಮ್ಮದು ಐದೆಕರೆ ರಾಗಿ, ನೆಲಗಡ್ಲೆ, ಹಂದಿ ಕಾಟ. ಈಗ ಜಮೀನು ಲೇಔಟ್ ಆಗೋಯ್ತು. ಈ ಸಲ ರಿನ್ಯೂವಲ್‌ಗೆ ಹೋದ್ರೆ ಆ ಗುಮಾಸ್ತ, ಹುಡುಗ್ ಮುಂಡೇದು, ಪಹಣಿ ತೆಗೆದು ಕೇಳ್ತಾನೆ: "ಯಜಮಾನ್ರೇ, ಬೆಳೆ ರಕ್ಷಣೆ ಅಂತೀರಿ, ಬೆಳೆ ಎಲ್ಲೈತೆ?" ಮನೆ ಮುಂದೆ ನುಗ್ಗೆ ಮರ ಐತೆ ಅಂದೆ. ಇಡೀ ಆಫೀಸು ನಕ್ತು. ಬರೋ ಸೋಮವಾರದೊಳಗೆ ಸರಿಯಾದ ಕಾರಣ ತರ್ದಿದ್ರೆ ಬಂದೂಕು ಸ್ಟೇಷನ್‌ಗೆ ಒಪ್ಪಿಸ್ಬೇಕಂತೆ.

ಒಪ್ಪಿಸಿದ್ರೆ ಏನಾಗ್ತದೆ ಅಂತೀರಾ? ನಿಮಗೆ ಅರ್ಥ ಆಗಲ್ಲ. ಈ ಊರಲ್ಲಿ ಮುನಿಶಾಮಪ್ಪಂದಿರು ನಾಲ್ಕು ಜನ. ಒಬ್ಬ ಡೇರಿ ಮುನಿಶಾಮಪ್ಪ. ಒಬ್ಬ ಕುಂಟ ಮುನಿಶಾಮಪ್ಪ. ಒಬ್ಬ ಸತ್ತೋದ ಮುನಿಶಾಮಪ್ಪ, ಅವನ್ನೂ ಜನ ಹಂಗೇ ಕರೀತಾರೆ. ನಾನು ಬಂದೂಕ್ ಮುನಿಶಾಮಪ್ಪ. ಬಂದೂಕು ಹೋದ್ರೆ ನನ್ನ ಹೆಂಗೆ ಗುರ್ತಿಸ್ತಾರೆ? ಸೈಟ್ ಮಾರಿದ ಮುನಿಶಾಮಪ್ಪ ಅಂತಾರೆ. ಅರವತ್ತೆಂಟು ವರ್ಷ ಬದುಕಿದ್ದಕ್ಕೆ ಆ ಹೆಸರಾ?

ಅದಕ್ಕೇ ಕರಡಿ ಬೇಕು. ಅಂದ್ರೆ, ಕರಡಿ ಐತೆ. ಐತಲ್ಲ. ಮಾಕಳಿ ಬೆಟ್ಟದ ಕಡೆಯಿಂದ ಬಂದದ್ದು. ಸೆಕೆಂಡ್ ಶಿಫ್ಟ್ ಬಸ್ಸಿನೋರು ನೋಡವ್ರೆ. ಫಾರೆಸ್ಟ್‌ನೋರು ಬೋರೆ ಮೇಲೆ ಕ್ಯಾಮರಾ ಕಟ್ಟಿಲ್ವಾ? ...ಹೌದು, ಸಿಗ್ಲಿಲ್ಲ. ಎರಡು ನಾಯಿ, ಒಂದು ನವಿಲು, ಆಮೇಲೆ ನಾನು ಒಂದ್ಸಲ ಮರೆಗೆ ಹೋಗಿದ್ದು, ಇಷ್ಟು ಬಿದ್ದೈತೆ. ಕರಡಿ ಬುದ್ಧಿವಂತ ಪ್ರಾಣಿ ಮೇಷ್ಟ್ರೇ. ಕ್ಯಾಮರಾ ಅದಕ್ಕೆ ಗೊತ್ತಾಗ್ತದೆ. ನನಗೇ ಗೊತ್ತಾಗ್ಲಿಲ್ಲ, ಅದಕ್ಕೆ ಗೊತ್ತಾಗೋಯ್ತು.

ಲೇಔಟ್ ನವೀನ್‌ಕುಮಾರ್‌ನ ಕೇಳಿ ಬೇಕಾದ್ರೆ. ಅವನು ಆಗ್ಲೇ ಬೋರ್ಡ್ ಬರೆಸವ್ನೆ. ಪ್ರಕೃತಿಯ ಮಡಿಲಲ್ಲಿ ನಿವೇಶನಗಳು ಅಂತ, ಪಕ್ಕದಲ್ಲಿ ಕರಡಿ ಚಿತ್ರ. ಬೆಂಗ್ಳೂರಿನೋರು ಕರಡಿ ನೋಡೋಕೇ ಕಾರಲ್ಲಿ ಬರ್ತಾರಂತೆ. ಅಷ್ಟು ದೊಡ್ಡ ಮನುಷ್ಯ ಸುಳ್ಳು ಚಿತ್ರ ಬರೆಸ್ತಾನಾ?

ಆ ಕಡೆ ಯಾಕೆ ನೋಡ್ತೀರಾ, ಇಲ್ಲಿ ನೋಡಿ. ಕರಡಿ ವಿಷಯದಲ್ಲಿ ನನ್ನಷ್ಟು ತಿಳ್ಕೊಂಡೋನು ಈ ಮಧುರೆ ಹೋಬಳೀಲಿ ಇನ್ನೊಬ್ಬ ಇಲ್ಲ. ಎರಡು ತಿಂಗಳಿಂದ ಮೊಬೈಲಲ್ಲಿ ಅದೇ ನೋಡ್ತಿದ್ದೀನಿ. ಅಮೆರಿಕದೋನು ಒಬ್ಬ ಅವ್ನೆ, ಪೊದೆ ಗಡ್ಡ, ಎಲೆ ಚಿತ್ರದ ಶರ್ಟು. ಕಪ್ಪು ಕರಡಿಗೆ ಯಾವ ಬಂದೂಕು, ಯಾವ ತೋಟಾ, ಎಷ್ಟು ಗಜ, ಎಲ್ಲಿಗೆ ಗುರಿ, ಎಲ್ಲಾ ಹೇಳ್ತಾನೆ. ಭಾಷೆ ಅರ್ಥ ಆಗಲ್ಲ. ಕೈ ಸನ್ನೆ ಅರ್ಥ ಆಗ್ತದೆ. ನಮ್ಮ ಹರ್ಷಿತ, ಮೊಮ್ಮಗಳು, ಹೇಳ್ತಾಳೆ, "ತಾತ, ಅದು ಬೇರೆ ಜಾತಿ ಕರಡಿ" ಅಂತ. ಕಪ್ಪು ಕಪ್ಪೇ ಅಲ್ವೇನೇ ಅಂದೆ.

ಕೇಳಿ. ನಾಡ ಬಂದೂಕು ಕರಡಿಗೆ ಆಗಲ್ಲ. ಮದ್ದು ಸುರಿದು, ಗಿಡಿದು, ಕೇಪು ಇಡೋ ಹೊತ್ತಿಗೆ ಅದು ನಿಮ್ಮನ್ನ ಮುಗಿಸಿ ಜೇನು ತಿನ್ನೋಕೆ ಹೋಗಿರ್ತದೆ. ನನ್ನದು ಹನ್ನೆರಡು ಬೋರಿನ ಒಂಟಿನಳಿಗೆ. ಒಳ್ಳೇದೇ, ಆದ್ರೆ ಒಂದೇ ಏಟು. ಒಂದು ಏಟು ತಿಂದ ಕರಡಿ ಇದೆಯಲ್ಲ, ಅದು ಕರಡಿ ಅಲ್ಲ, ತಹಸೀಲ್ದಾರು. ನೀವು ಹೇಳೋದನ್ನ ಕೇಳೋದೇ ಇಲ್ಲ. ಅದಕ್ಕೇ ಜೋಡಿನಳಿಗೆ ಬೇಕು ಅಂತಿರೋದು. ರೈಫಲ್ ಆದ್ರೆ ಇನ್ನೂ ಚೆನ್ನ, ಆದ್ರೆ ರೈಫಲ್ ಕೇಳಿದ್ರೆ ಆ ಗುಮಾಸ್ತ ನನ್ನ ಹುಚ್ಚಾಸ್ಪತ್ರೆಗೆ ಬರ್ಕೊಡ್ತಾನೆ.

ಬಂದೂಕಿಗಿಂತ ಮುಖ್ಯ ತೋಟಾ. ಇದನ್ನ ಯಾರೂ ಯೋಚ್ನೆ ಮಾಡಲ್ಲ. ತಗೊಳ್ಳಿ, ಡಬ್ಬೀನೇ ತಂದಿದ್ದೀನಿ ತೋರ್ಸೋಣ ಅಂತ. ಹೆದರಬ್ಯಾಡಿ, ತಾನಾಗೇ ಸಿಡಿಯಲ್ಲ. ನಾಲ್ಕನೇ ನಂಬರಲ್ಲಿ ಸಾಸಿವೆ ಥರ ಚರೆ, ನೂರಾರು, ಕೌಜುಗದ ಹಕ್ಕಿಗೆ ಸಾಕು. ಅದನ್ನ ಕರಡಿಗೆ ಹೊಡೆದ್ರೆ ಕೆರ್ಕೊಂಡು ಹೋಗ್ತದೆ, ಹೇನು ಕಚ್ತು ಅನ್ಕೊಂಡು. ಎಸ್ಜಿ ಅಂತ ದಪ್ಪ ಚರೇದು ಬರ್ತದೆ, ಅದು ಹಂದಿಗೆ. ಕರಡಿಗೆ ಇನ್ನೂ ದಪ್ಪಂದು, ಎಲ್ಜಿ. ಈ ಕೆಂಪು ಐತಲ್ಲ, ಇದೇ. ಒಳಗೆ ಬಟಾಣಿಗಿಂತ ದಪ್ಪ ಗುಂಡು. ಒಂದು ತೋಟಾಕ್ಕೆ ಆರು. ಐದೂ ಇಲ್ಲ, ಏಳೂ ಇಲ್ಲ. ಮೂವತ್ತು ಗಜದಲ್ಲಿ ಒಂದು ಮೊರದಗಲ ಹರಡ್ತದೆ. ಆರಕ್ಕೆ ಆರೂ ಒಳಗೇ. ಅಂಥಾ ಮಾಲು.

ಏನೋ ಬರ್ಕೊಂಡ್ರಿ? ...ಆರು. ಅಂಕಿ ಹಾಕಿ, ಪಕ್ಕದಲ್ಲಿ ಅಕ್ಷರದಲ್ಲೂ ಬರೆದಿದ್ದೀರಾ. ಇದಕ್ಕೇ ನಿಮ್ಮನ್ನ ಮೇಷ್ಟ್ರು ಅನ್ನೋದು. ಅರ್ಜೀಲಿ ಅದೆಲ್ಲ ಬೇಕಾಗಿಲ್ಲ, ಆದ್ರೂ ಇರ್ಲಿ.

ಕಾನೂನು ನನಗೂ ಗೊತ್ತು, ಮೇಷ್ಟ್ರೇ. ಕರಡಿ ಹೊಡೆಯೋ ಹಂಗಿಲ್ಲ, ಹೊಡೆದ್ರೆ ಜೈಲು. ಅದಕ್ಕೇ ಅರ್ಜೀಲಿ "ಹೆದರಿಸಿ ಓಡಿಸಲು" ಅಂತ ಬರೀರಿ. ಹೆದರ್ಸೋಕೆ ಎಲ್ಜಿ ಯಾಕೆ ಅಂತ ಕೇಳ್ತೀರಾ? ಚೆನ್ನಾಗಿ ಹೆದರ್ಲಿ ಅಂತ.

ಏನ್ ಎಣಿಸ್ತಿದ್ದೀರಾ ಡಬ್ಬೀಲಿ?

ಹೌದು, ಒಂದು ಜಾಗ ಖಾಲಿ. ಒಂದು ಹೊಡೆದು ನೋಡ್ದೆ. ಎಲ್ಲಿ ಅಂದ್ರೆ... ಅಂಗಡಿ ಹಿಂದೆ. ಅಂಗಡಿಯೋನೇ ಹೊಡೆದು ನೋಡಿ ಅಂದ. ಹೊಸ ಡಬ್ಬಿ ತಗೊಂಡ್ರೆ ಒಂದು ನೋಡ್ಬೇಕಪ್ಪ, ಕಲ್ಲಂಗಡಿ ಕೊಯ್ದು ನೋಡಲ್ವಾ, ಹಂಗೆ. ಅದೂ ಆ ಮಂಗಳವಾರಾನೇ. ಆವತ್ತು ನಾನು ಊರಲ್ಲೇ ಇರ್ಲಿಲ್ಲ ಅಂತ ಹೇಳ್ಲಿಲ್ವಾ? ಈಗ ಹೇಳ್ತಿದ್ದೀನಿ. ದೊಡ್ಡಬಳ್ಳಾಪುರದಲ್ಲಿದ್ದೆ. ತೋಟಾ ತಗೊಂಡೆ, ಹಂಗೇ ಮಗಳಿಗೆ ಒಂದು ಸೀರೆ ನೋಡಿದೆ, ಮಗ್ಗದ ಮನೇಲೆ. ತಗೊಳ್ಲಿಲ್ಲ. ಬಣ್ಣ ಸರಿ ಇರ್ಲಿಲ್ಲ.

ಬಿಡಿ ಅದನ್ನ. ಮುಖ್ಯವಾದ ಮಾತಿಗೆ ಬರ್ತೀನಿ. ಈ ಅರ್ಜಿ ನಾನು ಕೊಟ್ರೆ ಮುನಿಶಾಮಪ್ಪನ ಶೋಕಿ ಅಂತಾರೆ. ನೀವು ಕೊಡ್ಬೇಕು. ತಂದೆ ಕಳ್ಕೊಂಡ ಮಗ. ಅದೂ ಸರ್ಕಾರಿ ಮೇಷ್ಟ್ರು. ನಿಮ್ಮ ಒಂದು ಸಹಿ ನನ್ನ ಐವತ್ತು ಅರ್ಜಿಗೆ ಸಮ. ಪಂಚನಾಮೆ ಆಯ್ತು, ಡಾಕ್ಟ್ರು ಕೊಯ್ದು ನೋಡಿದ್ರು, ತಲೆಗೆ ಪೆಟ್ಟು, ಕಾಲು ಜಾರಿ ಬೋರೆ ಪಕ್ಕದ ಹಳೇ ಕಲ್ಲು ಕ್ವಾರಿ ಗುಂಡಿಗೆ ಬಿದ್ದದ್ದು ಅಂತ ಬರೆದ್ರು. ಸರಿ. ಆದ್ರೆ ಯಾಕೆ ಜಾರ್ತು? ಅರವತ್ತು ವರ್ಷ ಈ ಸುತ್ತಿನ ಬಂಡೆಗಳ ಮೇಲೆ ಕುರಿ ಕಾಯ್ದ ಮನುಷ್ಯ. ಕಣ್ಣು ಕಟ್ಟಿ ಬಿಟ್ರೂ ಇಳ್ಕೊಂಡು ಬರೋರು. ಅದನ್ನ ಯಾರಾದ್ರೂ ಬರೆದ್ರಾ? ಇಲ್ಲ. ಆ ಖಾಲಿ ಜಾಗ ನೀವು ತುಂಬ್ಬೇಕು.

"ನನ್ನ ತಂದೆ ಚಿಕ್ಕಬೀರಪ್ಪನವರು ಕರಡಿಯ ಘರ್ಜನೆಗೆ ಬೆಚ್ಚಿ..." ಬರೀರಿ.

ಬರೀರಿ ಮೇಷ್ಟ್ರೇ.

ಕರಡಿ ಘರ್ಜಿಸಲ್ವಾ? ಮತ್ತೇನ್ ಮಾಡ್ತದೆ? ಸರಿ, "ಕೂಗಿಗೆ" ಅಂತ ಹಾಕಿ. ಏನೋ ಒಂದು ಸದ್ದು. ಬಂಡೆ ತುದೀಲಿ ನಿರಾಳವಾಗಿ ಎಲೆ ಅಡಿಕೆ ಹಾಕ್ಕೊಂಡು ಕೂತಿರೋ ಮುದುಕನಿಗೆ ಬೆನ್ನ ಹಿಂದೆ ಇದ್ದಕ್ಕಿದ್ದಂಗೆ ಸದ್ದಾದ್ರೆ ಏನಾಗ್ತದೆ? ಧಡಕ್ಕನೆ ಎದ್ದೇಳ್ತಾರೆ. ಕಲ್ಲು ಮಳೇಲಿ ನೆಂದಿತ್ತು. ಕಂಬಳಿ ಬೇರೆ ಮೈಮೇಲೆ ಇರ್ಲಿಲ್ಲ, ಅತ್ಲಾಗೆ ಗಿಡದ ಮೇಲೆ ಒಣಗಾಕಿದ್ರು...

ಏನು?

ಯಾರು ಹೇಳಿದ್ರು ಅಂದ್ರೆ... ಊರಲ್ಲಿ ಎಲ್ರೂ ಹೇಳ್ತಾರೆ. ಕಂಬಳಿ ಗಿಡದ ಮೇಲಿತ್ತು ಅಂತ. ...ನೀವೇ ಬೆಳಕು ಹರಿಯೋಕೆ ಮುಂಚೆ ಒಬ್ರೇ ಹೋಗಿ ತಂದಿದ್ದಾ? ಯಾರಿಗೂ ಹೇಳಿಲ್ವಾ? ಅನಿತಮ್ಮನಿಗೂ?

ಊಹೆ ಮೇಷ್ಟ್ರೇ. ಮಳೆ ಬಂದಿತ್ತಲ್ಲ. ಬೆಳಿಗ್ಗೆ ತಲೆ ಮೇಲೆ ಕಂಬಳಿ ಕೊಪ್ಪೆ ಹಾಕ್ಕೊಂಡಿರ್ತಾರೆ, ನೆಂದಿರ್ತದೆ, ಬಿಸಿಲು ಬಂದ ಮೇಲೆ ಕುರುಬ ಅನ್ನೋನು ಕಂಬಳಿ ಎಲ್ಲಿ ಹಾಕ್ತಾನೆ? ಗಿಡದ ಮೇಲೆ. ಇದಕ್ಕೆ ಯಾರಾದ್ರೂ ಹೇಳ್ಬೇಕಾ? ನೀವು ಪಾಠ ಮಾಡೋರು, ಎಲ್ಲದಕ್ಕೂ ಸಾಕ್ಷಿ ಕೇಳ್ತೀರಾ.

ಎಲೆ ಅಡಿಕೆ ಕೂಡ ಊಹೇನೇ. ಬೀರಣ್ಣ ಯಾವಾಗ ಎಲೆ ಅಡಿಕೆ ಹಾಕಿರ್ಲಿಲ್ಲ ಹೇಳಿ.

ಅನಿತಮ್ಮ, ಪಾತ್ರೆ ನಿಧಾನ ಇಡವ್ವ.

ಆ ಸದ್ದು ಏನು ಅಂದ್ರೆ? ಯಾವ ಸದ್ದು? ಹೂಂ, ನಾಲ್ಕು ಗಂಟೆಗೆ ಢಂ ಅಂದದ್ದಾ. ಲೇಔಟ್‌ನಲ್ಲಿ ಬಂಡೆ ಸಿಡಿಸ್ತಾರೆ, ದಿನಾ ಸಿಡಿಸ್ತಾರೆ. ಅದೇ ಇರ್ಬೇಕು. ನಿಮ್ಮ ಸ್ಕೂಲಿಗೂ ಕೇಳಿಸ್ತಾ? ...ಆವತ್ತು ಸಿಡಿಸಿಲ್ಲ ಅಂತ ನವೀನ್‌ಕುಮಾರ್ ಹೇಳಿದ್ನಾ? ನೀವು ಅವನತ್ರ ಯಾಕೆ ಹೋಗಿದ್ರಿ? ಅವನೊಬ್ಬ ಸುಳ್ಳ. ಕರಡಿ ಚಿತ್ರ ಬರೆಸೋನ ಮಾತು ನಂಬ್ತೀರಾ?

ನೋಡಿ, ನನ್ನ ಉದ್ದೇಶ ಒಳ್ಳೇದು. ಲೇಔಟ್‌ಗೆ ಕಮಾನು ಕಟ್ತಾರಲ್ಲ, ಅದಕ್ಕೆ ಚಿಕ್ಕಬೀರಪ್ಪ ದ್ವಾರ ಅಂತ ಹೆಸರು ಹಾಕಿಸ್ತೀನಿ. ಗ್ರಾನೈಟ್ ಕಲ್ಲಲ್ಲಿ. ಯಾವ ಕುರುಬನಿಗೆ ಸಿಕ್ಕೈತೆ ಹೇಳಿ ಅಂಥಾ ಗೌರವ? ಆ ಮನುಷ್ಯ ಕುರಿ ಮೇಯಿಸ್ತಿದ್ದ ಜಾಗದಲ್ಲೇ. ಆ ಜಾಗಕ್ಕೆ ಕುರಿ ಬಿಡಬ್ಯಾಡ ಅಂತ ಬೇಲಿ ಹಾಕಿಸಿದ್ದೂ ನಾವೇ ಅನ್ನೋದು ಬೇರೆ ಮಾತು. ಅದಕ್ಕೇ ಅವರು ಬೋರೆ ಹತ್ತಬೇಕಾಯ್ತು, ಗೊತ್ತು. ಗೊತ್ತು ನನಗೆ. ನಾನೂ ಮನುಷ್ಯಾನೇ.

ನಾನು ಬೀರಣ್ಣ ಒಂದೇ ಕೆರೇಲಿ ಈಜು ಕಲ್ತೋರು. ಅವರು ಮುಳುಗ್ತಿದ್ದೋನ್ನ... ಅಂದ್ರೆ ನನ್ನ, ಜುಟ್ಟು ಹಿಡ್ಕೊಂಡು ಎಳೆದು ಹಾಕಿದ್ರು. ಆಗ ನಾವೆಲ್ಲ ಜುಟ್ಟು ಬಿಡ್ತಿದ್ವಿ. ಅದನ್ನ ಯಾರಿಗೂ ಹೇಳಿಲ್ಲ ನಾನು. ಇವತ್ತು ಯಾಕೋ ಬಂತು ಬಾಯಿಗೆ.

ಯಾಕೆ ಎದ್ರಿ ಮೇಷ್ಟ್ರೇ?

ಏಳ್ಬೇಕಾ? ಯಾಕೆ? ...ಕಂಬಳಿ ಬೇಕಾ? ತಗೊಳ್ಳಿ. ನಾಲ್ಕು ಮಡಿಕೆ ಹಾಕಿದ್ರಲ್ಲ, ಅದಕ್ಕೇ ಕೂತ್ರೆ ದಿಮ್ಮಗಿತ್ತು. ಬಿಸಿಲಿಗೆ ಹಾಕ್ತೀರಾ? ಬಾಗಿಲ ಚೌಕಟ್ಟಿಗೆ ಯಾಕೆ ತಗಲಾಕ್ತೀರಾ, ಬೆಳಕು ಹೋಯ್ತಲ್ಲ. ಒಳಗೆಲ್ಲ ಕತ್ತಲಾಯ್ತು. ಅನಿತಮ್ಮ, ನೀನು ಯಾಕವ್ವ ಬಂದು ನಿಂತೆ.

ಇದು... ಅಂಚಿಗೆ ಕೆಂಪು ದಾರ. ಇದು ಬೀರಣ್ಣಂದಾ?

ಇದರ ಮೇಲೆ ಕೂರಿಸಿದ್ರಾ ನನ್ನ? ಇಷ್ಟೊತ್ತು?

ತಪ್ಪು ಮೇಷ್ಟ್ರೇ. ಸತ್ತೋರ ಕಂಬಳಿ ಮನೇಲಿ ಇಟ್ಕೊಬಾರ್ದು. ಕೊಡಿ, ನಾನೇ ತಗೊಂಡೋಗಿ ಸುಟ್ಟು ಬರ್ತೀನಿ. ನಿಮಗ್ಯಾಕೆ ಆ ಕಷ್ಟ. ...ಕೊಡಲ್ವಾ? ಇಲ್ಲ, ಬಲವಂತ ಇಲ್ಲ.

ತೂತಾ? ನುಸಿ ತಿಂದಿರ್ಬೇಕು. ಉಣ್ಣೆಗೆ ನುಸಿ ಬೇಗ ಹತ್ಕೊಳ್ತದೆ. ನಮ್ಮನೇಲೂ ಹಿಂಗೇ ಆಗೈತೆ. ನುಸಿ ಗುಳಿಗೆ ಇಡ್ಬೇಕು.

ಮೇಷ್ಟ್ರೇ, ಬೈಯಿರಿ ಬೇಕಾದ್ರೆ. ಹೊಡೀರಿ. ಹಂಗೆ ನೋಡಬ್ಯಾಡಿ. ನಿಮ್ಮಪ್ಪಾನೂ ಹಿಂಗೇ ನೋಡ್ತಿದ್ರು.

ಕರ್ರಗಿತ್ತು. ಬಗ್ಗಿ ಕೂತಿರೋ ಹಂಗೇ ಇತ್ತು. ಗಾಳಿಗೆ ಅಲ್ಲಾಡ್ತು. ತಲೆ ಎತ್ತಿದಂಗೆ ಕಾಣಿಸ್ತು ನನಗೆ. ಆ ಅಮೆರಿಕದೋನು ಹೇಳಿದ್ದ, ಮೂವತ್ತು ಗಜ, ಭುಜದ ಹಿಂದೆ, ಉಸಿರು ಬಿಗಿ ಹಿಡಿ ಅಂತ. ಹಿಡಿದೆ. ಢಂ ಅನ್ನಿಸ್ದೆ. ಹತ್ರ ಹೋದ್ರೆ ಕಂಬಳಿ. ಕಂಬಳಿ, ಮೇಷ್ಟ್ರೇ. ನಾನು ನಕ್ಕೆ. ನಿಜ ಹೇಳ್ತೀನಿ, ಮೊದಲು ನಗು ಬಂತು. ಯಾರಿಗಾದ್ರೂ ಗೊತ್ತಾದ್ರೆ ಊರೆಲ್ಲ ಕಂಬಳಿ ಮುನಿಶಾಮಪ್ಪ ಅಂತ ಕರೀತಾರಲ್ಲ ಅಂತ ಯೋಚ್ನೆ ಬಂತು. ಆಮೇಲೆ ಗುಂಡಿ ಕಡೆಯಿಂದ ಬೀರಣ್ಣ ಒಂದ್ಸಲ "ಯಾರಪ್ಪಾ?" ಅಂದ್ರು. ಒಂದೇ ಸಲ. ನಾನು ಉತ್ತರ ಕೊಡ್ಲಿಲ್ಲ. ಎದ್ದು ಬರ್ತಾರೆ ಅನ್ಕೊಂಡೆ. ಬಂದು ನಗ್ತಾರೆ ಅನ್ಕೊಂಡೆ. ಅದಕ್ಕೇ ಬೇಗ ಇಳ್ದು ಬಂದ್ಬಿಟ್ಟೆ.

ಪೆನ್ನು ನನಗ್ಯಾಕೆ ಕೊಡ್ತೀರಾ? ನನ್ನ ಕೈಬರಹ ಚೆನ್ನಾಗಿಲ್ಲ.

ಏನು ತೋರಿಸ್ತೀರಾ, ನೆಲ? ನೆಲದಲ್ಲಿ ಏನೈತೆ. ಬಿಸಿಲು ಬಿದ್ದೈತೆ, ತೂತಿನಿಂದ.

ಎಣಿಸ್ಬೇಕಾ? ನಾನಾ?

ಒಂದು. ಎರಡು. ಇದು ಮೂರು. ಕಾಲು ಸ್ವಲ್ಪ ತೆಗೀರಿ... ನಾಲ್ಕು. ಐದು.

ಆರು ಅವೆ, ಮೇಷ್ಟ್ರೇ.